ಬೆಟ್ಟ ಹತ್ತಿದ ತೋಟ

ಕಾಡು ಕಾಯುವವನಿಗೆ ಹುಲಿ, ಚಿರತೆಯ ಕಥೆ ಹೇಳು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಸರ್ವೀಸಿನಲ್ಲಿ ಚಿರತೆ ನನ್ನನ್ನು ಅಟ್ಟಿಸಿಕೊಂಡು ಬಂದಿದ್ದು ಒಂದೇ ಸಲ. ತೆಂಗಿನ ಸಸಿಗಳು ಮಾತ್ರ ಪ್ರತಿ ಮಳೆಗಾಲಕ್ಕೂ ಬರುತ್ತವೆ, ಅವುಗಳ ಹಿಂದೆ ಒಂದೊಂದು ಪ್ರಸಂಗವೂ ಬರುತ್ತದೆ.

ನಾನು ಚಿಕ್ಕನಾಯಕನಹಳ್ಳಿ ಕಡೆಯ ಒಂದು ಮೀಸಲು ಅರಣ್ಯದ ಗಾರ್ಡು. ಬೆಟ್ಟಕ್ಕೂ ಕೆಳಗಿನ ಕೆರೆಗೂ ನಡುವೆ ಒಂದು ಪಟ್ಟಿ ಕುರುಚಲು ಕಾಡಿದೆ. ಕರಡಿಗಳು ನೀರಿಗೆ ಇಳಿಯುವುದು ಅಲ್ಲೇ. ಅದು ಮುಚ್ಚಿತೋ, ಅವು ಊರಿನ ಬೀದಿಯಲ್ಲೇ ಇಳಿಯಬೇಕು. ಪಟ್ಟಿಯ ಪಕ್ಕದ ತೆಂಗಿನ ತೋಟದ ಯಜಮಾನರಿಗೆ ಅದರ ಮೇಲೆ ಕಣ್ಣು. ನಾನು ಅದನ್ನು ಬಿಡುವವನಲ್ಲ, ಅವರು ಸೋಲುವವರಲ್ಲ.

ಕತ್ತಾಳೆಯ ಸಂಸಾರ

ಅವರ ತೋಟಕ್ಕೆ ಕತ್ತಾಳೆ ಬೇಲಿ. ವರ್ಷಕ್ಕೊಂದು ಸಾಲಿನಂತೆ ಅದು ಕಾಡಿನೊಳಕ್ಕೆ ಬರುತ್ತಿತ್ತು. ಒಂದು ದಿನ ಹೆಜ್ಜೆ ಹಾಕಿ ಅಳೆದೆ. ಹೋದ ವರ್ಷಕ್ಕಿಂತ ಹತ್ತು ಹೆಜ್ಜೆ ಮುಂದಿತ್ತು.

"ಏನು ಯಜಮಾನ್ರೇ, ಬೇಲಿ ನಡೀತಾ ಐತೆ?"

"ಕತ್ತಾಳೆ ಅಂದ್ಮೇಲೆ ಮರಿ ಹಾಕ್ತದೆ ಸಾರ್. ಬ್ಯಾಡ ಅನ್ನಕ್ಕಾಯ್ತದಾ?"

"ಹಾಕ್ಲಿ. ಆದ್ರೆ ನಿಮ್ಮ ತೋಟದ ಕಡೆಗೆ ಒಂದು ಮರೀನೂ ಹಾಕಿಲ್ವಲ್ಲ?"

ಅವರು ನನ್ನನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದರು. "ಒಳಗಡೆ ಆಗ್ಲೇ ನಮ್ದು ಸಾರ್. ಅಲ್ಯಾಕೆ ಹಾಕ್ತದೆ?"

ಮರ ತಾನೇ?

ಇನ್ನೊಂದು ದಿನ ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನನ್ನನ್ನು ಹಿಡಿದು ನಿಲ್ಲಿಸಿದರು.

"ಸರ್ಕಾರಕ್ಕೆ ಏನು ಬೇಕು? ಮರ ತಾನೇ? ನಿಮ್ಮ ಕಾಡಲ್ಲಿರೋದು ಬರೀ ಮುಳ್ಳು, ಲಂಟಾನ. ನಾನು ಅಲ್ಲಿ ಮರ ನೆಟ್ರೆ ತಪ್ಪಾ?"

ಸುತ್ತ ಇದ್ದವರೆಲ್ಲ ಹೌದಲ್ಲ ಅಂದರು. ನಾನು ನಿಧಾನವಾಗಿ ಟೀ ಮುಗಿಸಿದೆ.

"ನೆಡಿ ಯಜಮಾನ್ರೇ. ಆದ್ರೆ ಕಾಡಿನ ಮರದ ಫಸಲು ಕಾಡಿನ ಪ್ರಾಣಿಗೆ. ಕಾಯಿ ಎಲ್ಲ ಕರಡಿಗೆ ಬುಟ್ಬುಡ್ತೀರಾ?"

ಅವರು ಒಂದು ಕ್ಷಣವೂ ತಡಮಾಡಲಿಲ್ಲ. "ಬುಡ್ತಿದ್ದೆ ಸಾರ್. ಪಾಪ, ಅದಕ್ಕೆ ಸುಲಿಯಾಕೆ ಬರಕ್ಕಿಲ್ವಲ್ಲ."

ಹಂದಿಯ ಬೇಸಾಯ

ಆಮೇಲೆ ಒಂದು ಬೆಳಿಗ್ಗೆ ಅವರೇ ಅರ್ಜಿ ಹಿಡಿದು ಬಂದರು. ಕಾಡುಹಂದಿಗಳು ಇಪ್ಪತ್ತು ಸಸಿ ಬುಡ ಸಮೇತ ತಿಂದಿವೆಯಂತೆ, ಪರಿಹಾರ ಬೇಕಂತೆ. ನ್ಯಾಯವಾದ ಮಾತೇ, ನಡೀರಿ ಅಂತ ಜೊತೆಗೆ ಹೊರಟೆ. ತೋಟದೊಳಗೆ ಒಂದು ಸಸಿಯೂ ಅಲ್ಲಾಡಿರಲಿಲ್ಲ. ಬೇಲಿ ದಾಟಿ ನಮ್ಮ ಕಾಡಿನೊಳಕ್ಕೆ ಹೋದರೆ ಸಾಲಾಗಿ ಇಪ್ಪತ್ತು ಗುಂಡಿ, ಪಕ್ಕದಲ್ಲಿ ಅಗಿದು ಉಗಿದ ಸಸಿಗಳು. ಯಜಮಾನರ ಮುಖ ಸಣ್ಣಗಾಯಿತು. ಇದು ನನ್ನದು ಅಂದರೆ ಒತ್ತುವರಿ, ನನ್ನದಲ್ಲ ಅಂದರೆ ಪರಿಹಾರವಿಲ್ಲ.

"ಸಸಿ ನಂದೇ ಸಾರ್, ಜಾಗ ನಂದಲ್ಲ. ಹಂದಿಗಳು ನಮ್ಮ ತೋಟದಿಂದ ಕಿತ್ಕೊಂಡು ಇಲ್ಲಿಗೆ ತಂದು ತಿಂದವೆ."

"ತರ್ಲಿ. ಇಪ್ಪತ್ತೈದಡಿಗೊಂದು ಗುಂಡಿ ತೋಡಿ, ತಳಕ್ಕೆ ಮರಳೂ ಉಪ್ಪೂ ಹಾಕಿ, ನೆಟ್ಟು, ಆಮೇಲೆ ತಿಂದವಾ?"

ಯಜಮಾನರು ಗುಂಡಿಯೊಳಗೆ ಬಗ್ಗಿ ನೋಡಿ ತಲೆಯಾಡಿಸಿದರು. "ವರ್ಷಾನುಗಟ್ಲೆ ನಮ್ಮನ್ನೇ ನೋಡ್ತಾ ಅವಲ್ಲ ಸಾರ್, ಕಲ್ತ್ಕೊಂಡವೆ."

ಎದ್ದು ಬಂದ ದೇವರು

ಇಷ್ಟಾದ ಮೇಲೆ ಸರ್ವೆಯಾಗಲಿ ಅಂತ ನಾನೇ ಮೇಲಿನವರಿಗೆ ಬರೆದೆ. ಅಳತೆ ಮುಗಿದರೆ ಪಟ್ಟಿ ಉಳಿಯಿತು ಅಂತ ನನಗೆ ಧೈರ್ಯ. ಯಜಮಾನರಿಗೂ ಧೈರ್ಯವೇ. ಸರ್ವೆಯ ಹಿಂದಿನ ಮಧ್ಯಾಹ್ನ, ಊರೆಲ್ಲ ಊಟಕ್ಕೆ ಕೂತಾಗ, ಅವರು ಹಾರೆ ತಗೊಂಡು ಹೋಗಿ ನಮ್ಮ ಗಡಿಕಲ್ಲನ್ನೇ ಕಿತ್ತು ಪಟ್ಟಿಯ ಮೇಲಿನ ತುದಿಗೆ, ಬೆಟ್ಟದ ಬುಡದಲ್ಲಿ ನೆಟ್ಟು ಬಂದಿದ್ದರು. ಇದು ನನಗೆ ತಿಳಿದದ್ದು ಆಮೇಲೆ.

ಅದು ಕತ್ತಾಳೆಯ ಮಧ್ಯೆ ಕತ್ತಿನವರೆಗೆ ಹೂತಿದ್ದ ಕಲ್ಲು. ಊರಲ್ಲಿ ಯಾರೂ ಅದರ ಪೂರ್ತಿ ಮೈ ನೋಡಿರಲಿಲ್ಲ. ಸಂಜೆ ಯಜಮಾನರ ತಾಯಿ ಹಸು ಹೊಡೆದುಕೊಂಡು ಆ ಕಡೆ ಹೋದರು. ಎಪ್ಪತ್ತು ದಾಟಿದ ಅಜ್ಜಿಗೆ ಬೆಟ್ಟದ ಬುಡದ ಒಂದೊಂದು ಗುಂಡೂ ಗೊತ್ತು. ಬೆಳಿಗ್ಗೆ ಇರದಿದ್ದ ಕಲ್ಲು ಈಗ ಮೊಣಕಾಲುದ್ದ ನಿಂತಿದೆ! ಅಲ್ಲೇ ಅಡ್ಡಬಿದ್ದರು.

ಮಾರನೇ ದಿನ ಸರ್ವೆಯವರನ್ನು ಕರೆದುಕೊಂಡು ನಾನು ಹೋಗುವ ಹೊತ್ತಿಗೆ ಕಲ್ಲಿಗೆ ಅರಿಶಿನ, ಕುಂಕುಮ, ಕಣಗಿಲೆ ಹಾರ. ಅರ್ಧ ಊರು ಚಪ್ಪಲಿ ಬಿಟ್ಟು ಕೈಮುಗಿದು ನಿಂತಿತ್ತು. ಸರ್ವೆಯವರು ನಕ್ಷೆ ನೋಡಿ, ಈ ಕಲ್ಲು ಇಲ್ಲಿರೋದಲ್ಲ, ಕೆಳಗಿರೋದು ಅಂದರು. ಅಜ್ಜಿಯ ಮುಖ ಅರಳಿತು.

"ನೋಡಿದ್ರಾ? ಕೆಳಗಿಂದ ಎದ್ದು ಬಂದವ್ನೆ ಅಂತ ಸರ್ಕಾರದೋರೇ ಹೇಳ್ತಾವ್ರೆ!"

ಅಲ್ಲಿಂದ ಮುಂದೆ ಎಲ್ಲವನ್ನೂ ಅಜ್ಜಿಯೇ ತೀರ್ಮಾನ ಮಾಡಿದರು. ದೇವರ ಸುತ್ತ ಕೊಡಲಿ ಬೀಳಕೂಡದು, ನೇಗಿಲು ಇಳಿಯಕೂಡದು. ದೇವರು ಗಂಗೆ ಪೂಜೆಗೆ ಕೆರೆಗೆ ಇಳಿಯಬೇಕಲ್ಲ, ಅದಕ್ಕೆ ಈ ಪಟ್ಟಿಯಷ್ಟೂ ದಾರಿ. "ಲೇ, ನಿನ್ನ ಬೇಲಿ ದೇವ್ರ ದಾರಿಗೆ ಅಡ್ಡ ಐತೆ. ಇವತ್ತೇ ಕಿತ್ತಾಕು," ಅಂತ ಮಗನಿಗೆ ಹೇಳಿದರು.

ನನ್ನ ಎದೆ ತುಂಬಿ ಬಂತು. ಕರಡಿಯ ದಾರಿ ಉಳಿಸಲು ನಾನು ಬರೆದ ಕಾಗದಗಳೆಲ್ಲ ಮಾಡದ ಕೆಲಸವನ್ನು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದ್ದರು.

ಯಜಮಾನರು ಬೆವರಿದರು. ನನ್ನ ಕಡೆ ನೋಡಿದರು, ಊರಿನವರ ಕಡೆ ನೋಡಿದರು. ತೋಟದ ಆಸೆ ಮಾನಕ್ಕಿಂತ ದೊಡ್ಡದು. ಕೊನೆಗೆ ಬಾಯಿಬಿಟ್ಟರು.

"ಅವ್ವ, ಅದು ದೇವ್ರಲ್ಲ ಕಣವ್ವ, ಗಡಿಕಲ್ಲು. ನೆನ್ನೆ ನಾನೇ ಕಿತ್ತು, ಹೊತ್ಕೊಂಡ್ ಬಂದು ಇಲ್ಲಿಟ್ಟಿದ್ದು!"

ಅಜ್ಜಿ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕಲ್ಲಿನ ಕಡೆ ತಿರುಗಿ ಇನ್ನೂ ಗಟ್ಟಿಯಾಗಿ ಕೈಮುಗಿದರು.

"ಇದಕ್ಕಿಂತ ಸಾಕ್ಷಿ ಬೇಕೇನ್ರಪ್ಪ? ಮನೇಲಿ ಒಂದು ಕೊಡ ನೀರು ಎತ್ತದವ್ನು ಕಣ್ರೋ ಇವ್ನು, ಇವ್ನ ಕೈಲೇ ಹೊರಿಸ್ಕೊಂಡು ಬಂದವ್ನೆ ನಮ್ಮಪ್ಪ!"