ಹಡಗಿಗೊಂದು ವಾಪಸ್ ಟಿಕೆಟ್

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಬಸ್ಸಿನಲ್ಲಿ ಖಾಲಿ ಉಳಿದ ಒಂದು ಸೀಟು.

ಕಂಡಕ್ಟರು ತನ್ನ ರಜೆಯ ದಿನ ಹೆಂಡತಿಯನ್ನು ಕರೆದುಕೊಂಡು ನಾದಿನಿಯ ಮನೆಗೆ ಹೊರಟಿದ್ದ. ಮೈಮೇಲೆ ಖಾಕಿ ಇರಲಿಲ್ಲ, ಹೆಗಲಲ್ಲಿ ಚರ್ಮದ ಚೀಲ ಇರಲಿಲ್ಲ, ಬಸ್ಸು ಕೂಡ ಬೇರೆ ಡಿಪೋದ್ದು. ಹೆಂಡತಿ ಕಿಟಕಿಗೆ ಕೂತಳು, ಪಕ್ಕದ ಸೀಟಿನಲ್ಲಿ ಅವನು ಕೂತ. ಕೂತದ್ದು ಮೊದಲ ನಿಲ್ದಾಣದವರೆಗೆ. ಅಲ್ಲಿ ನಾಲ್ಕು ಜನ ಹತ್ತಿ ಬಾಗಿಲಲ್ಲೇ ನಿಂತುಬಿಟ್ಟರು ನೋಡಿ, ಅವನಿಗೆ ತಡೆಯಲಾಗಲಿಲ್ಲ. "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯೆ ಎಲ್ಲ ಖಾಲಿ ಇದೆ" ಎನ್ನುತ್ತ ಎದ್ದುಹೋದವನು ಕೊನೆಯ ನಿಲ್ದಾಣದವರೆಗೆ ಸೀಟಿಗೆ ಮರಳಲಿಲ್ಲ. ಆ ಬಸ್ಸಿನ ನಿಜವಾದ ಕಂಡಕ್ಟರು ಯಾವ ಜನ್ಮದ ಪುಣ್ಯವೋ ಎಂದುಕೊಂಡು ಹಿಂದಿನ ಸೀಟಿನಲ್ಲಿ ತೂಕಡಿಸಿದ. ಹೆಂಡತಿ ಖಾಲಿ ಸೀಟಿನ ಮೇಲೆ ತನ್ನ ಬ್ಯಾಗು ಇಟ್ಟುಕೊಂಡಳು. ದಾರಿಯುದ್ದಕ್ಕೂ ಯಾರಾದರೊಬ್ಬರು ಬಂದು "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳುವುದು, ಅವಳು ಬ್ಯಾಗಿನ ಮೇಲೆ ಕೈಯಿಟ್ಟು "ಇದ್ದಾರೆ, ಬರ್ತಾರೆ" ಎನ್ನುವುದು, ಇದೇ ಆಯಿತು.

ಇಳಿದ ಮೇಲೆ ಅವಳು ಜಗಳ ಆಡಲಿಲ್ಲ. ಆಡಿದ್ದರೆ ಅವನು ಸಂಜೆಯೊಳಗೆ ಮರೆಯುತ್ತಿದ್ದ. "ಮದುವೆ ಆದಾಗಿಂದ ನಿಮ್ಮ ಜೊತೆ ಎಲ್ಲೆಲ್ಲೋ ಹೋಗಿದೀನಿ. ಒಂದ್ಸಲ ನನ್ನ ಪಕ್ಕ ಕೂತ್ಕೊಂಡು ಬನ್ನಿ ನೋಡೋಣ" ಎಂದಳು, ಅಷ್ಟೆ.

ಆ ಮಾತು ಅವನ ಎದೆಗೆ ನಾಟಿತು. ಬೆಳಗಿನ ಮೊದಲ ಬಸ್ಸು ಅವನದು. ಬೀದಿಯ ನಾಯಿಗಳೂ ಕಣ್ಣು ಬಿಡುವ ಮುಂಚೆ ಎದ್ದು, ಬುತ್ತಿ ಕಟ್ಟಿ, ಬಾಗಿಲವರೆಗೆ ಬಂದು ಟಾರ್ಚು ಹಿಡಿದು ನಿಲ್ಲುವವಳು ಅವಳು. ಅವನು ಫುಟ್‌ಬೋರ್ಡಿನಿಂದ ಜಾರಿ ಕಾಲು ಮುರಿದುಕೊಂಡು ಮಲಗಿದ್ದಾಗ ಮಗುವಿನ ಹಾಗೆ ಮತ್ತೆ ನಡೆಯಲು ಕಲಿಸಿದವಳೂ ಅವಳೇ. ಇಷ್ಟು ಮಾಡಿದವಳು ಜೀವನದಲ್ಲಿ ಕೇಳಿದ್ದು ಪಕ್ಕದಲ್ಲಿ ಕೂರುವ ಒಬ್ಬ ಗಂಡನನ್ನು. ಅದನ್ನೂ ಕೊಡಲಾಗದಿದ್ದರೆ ತಾನೆಂಥ ಗಂಡಸು ಎಂದು ಅವನಿಗೆ ಅನ್ನಿಸಿತು.

ಡಿಪೋದ ಗೇಟಿನೆದುರಿಗೆ ಒಂದು ಟ್ರಾವೆಲ್ ಆಫೀಸು ಇತ್ತು. ಅದರ ಗಾಜಿನ ಮೇಲೆ ಒಂದು ಬಿಳಿ ಹಡಗಿನ ಚಿತ್ರ. ಹಡಗಿನ ಬಾಲ್ಕನಿಯಲ್ಲಿ ಎರಡು ಕುರ್ಚಿ ಪಕ್ಕಪಕ್ಕ, ಎದುರಿಗೆ ನೀರೋ ನೀರು. ಕಂಡಕ್ಟರು ಆ ಚಿತ್ರವನ್ನು ನೂರು ಸಲ ನೋಡಿದ್ದ. ಒಂದು ಬೆಳಿಗ್ಗೆ ಅದನ್ನು ಮೊದಲ ಸಲ ಕಂಡಕ್ಟರನ ಕಣ್ಣಿನಿಂದ ನೋಡಿದ. ಸಮುದ್ರದಲ್ಲಿ ನಿಲ್ದಾಣಗಳಿಲ್ಲ. ಮಧ್ಯೆ ಹತ್ತುವವರಿಲ್ಲ. ಬಾಗಿಲಲ್ಲಿ ನಿಲ್ಲುವವರಿಲ್ಲ. ಅಲ್ಲಿ ಕೂತರೆ ಏಳುವುದಕ್ಕೆ ಕಾರಣವೇ ಇಲ್ಲ. ಬುಕಿಂಗಿಗೆ ಇವತ್ತೇ ಕೊನೆಯ ದಿನ ಎಂದು ಕೆಳಗೆ ಬರೆದಿತ್ತು. ಬೆಳಗಿನ ಪಾಳಿ ಮುಗಿಸಿ, ಚೀಲ ಒಪ್ಪಿಸಿ, ಅವನು ನೇರವಾಗಿ ಒಳಗೆ ನುಗ್ಗಿದ. ಸಂಜೆ ಟಿಕೆಟ್ಟು ಹೆಂಡತಿಯ ಕೈಗಿಟ್ಟು ಅವಳ ಮುಖ ನೋಡಬೇಕು ಎಂಬುದು ಅವನ ಆಸೆ.

ಆಫೀಸಿನ ಮೇಡಂ ತುಂಬ ತಾಳ್ಮೆಯ ಹೆಂಗಸು. ಒಳಗಿನ ರೂಮೋ ಸಮುದ್ರದ ಕಡೆಯದೋ, ಯಾವ ಮಹಡಿ, ಊಟದ ಪಾಳಿ ಮೊದಲನೆಯದೋ ಎರಡನೆಯದೋ ಎಂದು ಒಂದೊಂದಾಗಿ ಕೇಳಿದಳು. ಅವನು ಎಲ್ಲಕ್ಕೂ ಎರಡು ಕುರ್ಚಿ ಪಕ್ಕಪಕ್ಕ ಇರುತ್ತವೆ ತಾನೆ ಎಂದೇ ಉತ್ತರ ಕೊಟ್ಟ. ನಿಂತು ಪ್ರಯಾಣ ಮಾಡುವವರು ಎಷ್ಟು ಜನ ಎಂದು ವಿಚಾರಿಸಿದ. ಯಾರೂ ಇಲ್ಲ ಎಂದಾಗ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕೊನೆಗೆ ಧ್ವನಿ ತಗ್ಗಿಸಿ, "ಮೇಡಂ, ಒಂದು ಉಪಕಾರ ಮಾಡಿ. ಚಕ್ರದ ಮೇಲಿನ ಸೀಟು ಮಾತ್ರ ಕೊಡಬೇಡಿ, ನನ್ನವಳಿಗೆ ಸೊಂಟ ನೋವು" ಎಂದ.

ಮೇಡಂ, "ಹಡಗಿಗೆ ಚಕ್ರ ಇರೋಲ್ಲ ಸರ್" ಎಂದಳು.

"ದೊಡ್ಡ ಉಪಕಾರ ಆಯ್ತು" ಎಂದು ಅವನು ಕೈ ಮುಗಿದ.

ಟಿಕೆಟ್ಟಿನ ಹಾಳೆಯನ್ನು ಮಡಿಸಿ ಜೇಬಿಗಿಟ್ಟು ನೇರವಾಗಿ ಮನೆಗೆ ಹೋಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಖುಷಿಯನ್ನು ಒಳಗಿಟ್ಟುಕೊಳ್ಳುವ ಅಭ್ಯಾಸ ಅವನಿಗಿಲ್ಲ. ಡಿಪೋದ ವಿಶ್ರಾಂತಿ ಕೋಣೆಗೆ ಹೋಗಿ ತನ್ನ ಬಸ್ಸಿನ ಡ್ರೈವರಿಗೆ ತೋರಿಸಿದ. ಡ್ರೈವರು ಬಂಗಾರದಂಥ ಮನುಷ್ಯ. ಆದರೆ ಅವನಿಗೆ ಗುಟ್ಟು ಹೇಳುವುದೂ ಮೈಕಿನಲ್ಲಿ ಸಾರುವುದೂ ಒಂದೇ. ಅರೆಗಳಿಗೆಯಲ್ಲಿ ಟೈಮ್ ಕೀಪರು ತನ್ನ ಗೂಡು ಬಿಟ್ಟು ಬಂದ, ಮೆಕ್ಯಾನಿಕ್ಕು ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದ, ಕ್ಯಾಂಟೀನಿನವನು ಒಲೆ ಆರಿಸಿ ಬಂದ.

ಟೈಮ್ ಕೀಪರು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದ. ಬಸ್ಸು ಎಷ್ಟು ಹೊತ್ತಿಗೆ ಬಿಡಬೇಕೆಂದು ಡಿಪೋದಲ್ಲಿ ಹೇಳುವವನು ಅವನೇ. ಆದ್ದರಿಂದ ಉಳಿದ ವಿಷಯಗಳಲ್ಲೂ ಕೊನೆಯ ಮಾತು ತನ್ನದೇ ಎಂದು ತಿಳಿದವನು. "ಹೊರಡೋದು ಈ ಬಂದರು. ಸೇರೋದೂ ಇದೇ ಬಂದರು. ಅಂದ್ರೆ ಇದು ಸುತ್ತು ರೂಟು. ವಾಪಸ್ ಟಿಕೆಟ್ ಎಲ್ಲಿ?" ಎಂದ.

ಸುತ್ತು ರೂಟು ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಕಂಡಕ್ಟರನ ಬಸ್ಸೇ ಮಾರ್ಕೆಟ್ಟಿನಿಂದ ಹೊರಟು ಊರು ಸುತ್ತಿ ಮತ್ತೆ ಮಾರ್ಕೆಟ್ಟಿಗೆ ಬರುವ ಬಸ್ಸು. ಅರ್ಧ ಸುತ್ತಾಗಿ ಆಸ್ಪತ್ರೆಯ ನಿಲ್ದಾಣ ಬಂದಾಗ ಹೋಗುವ ಟಿಕೆಟ್ಟು ಮುಗಿಯುತ್ತದೆ. ಕೂತೇ ಇರುವವರು ಬರುವ ಟಿಕೆಟ್ಟು ಹೊಸದಾಗಿ ತೆಗೆದುಕೊಳ್ಳಬೇಕು. ಇಲ್ಲವಾದರೆ ಅಲ್ಲೇ ಇಳಿಯಬೇಕು. ಗಾಳಿ ಸೇವನೆಗೆಂದು ಇಡೀ ಸುತ್ತು ಕೂತುಬಂದ ಒಬ್ಬ ಮುದುಕರನ್ನು ಇವನೇ ಹೋದ ತಿಂಗಳು ಕೈಹಿಡಿದು ಇಳಿಸಿದ್ದ. ಆ ಮುದುಕರ ಮುಖ ಈಗ ಕಣ್ಣೆದುರು ಬಂತು.

"ಅರ್ಧ ದಾರೀಲಿ ಚೆಕಿಂಗ್ ಬಂದ್ರೆ ಎಲ್ಲಿ ಇಳಿಸ್ತಾರೆ?" ಎಂದು ಅವನು ಮೆಲ್ಲಗೆ ಕೇಳಿದ.

ಮೆಕ್ಯಾನಿಕ್ಕು, ನಿನಗೆ ಈಜು ಬರುತ್ತದೆಯೇ ಎಂದು ಕೇಳಿದ.

ಟ್ರಾವೆಲ್ ಆಫೀಸಿಗೆ ಓಡಿದರೆ ಬಾಗಿಲಿಗೆ ಊಟದ ವೇಳೆ ಎಂಬ ಬೋರ್ಡು. ಆಗ ಡ್ರೈವರು ತನ್ನ ಮೊಬೈಲು ತೆಗೆದ. ಅವನು ಮೊಬೈಲು ಒತ್ತುವುದೂ ಬಸ್ಸು ಓಡಿಸುವ ರೀತಿಯಲ್ಲೇ, ಅಕ್ಕಪಕ್ಕ ನೋಡುವುದಿಲ್ಲ. ಅದೇ ಹಡಗು, ಅದೇ ದಿನ. ವಾಪಸ್ಸು ಕರೆತರುವುದೂ ಅದೇ ಹಡಗೇ ತಾನೆ ಎಂದ. ಇನ್ನೊಂದು ರೂಮು ಬೇಕೇ ಎಂದು ಮೊಬೈಲು ಕೇಳಿತು, ಹೌದು ಎಂದು ಒತ್ತಿದ. ನಿಜವಾಗಿಯೂ ಬೇಕೇ ಎಂದಿತು, ಒತ್ತಿದ. ರದ್ದು ಮಾಡಲಾಗುವುದಿಲ್ಲ, ಒಪ್ಪಿಗೆಯೇ ಎಂದಿತು. ಅದಕ್ಕೂ ಒತ್ತಿದ. ವಾಪಸ್ ಟಿಕೆಟ್ಟು ಬಂದೇಬಂತು. ಕಂಡಕ್ಟರು ಅವನನ್ನು ಅಪ್ಪಿಕೊಂಡು, ನಿನ್ನಂಥ ಗೆಳೆಯ ಸಿಗಲು ಪುಣ್ಯ ಮಾಡಿರಬೇಕು ಎಂದ. ಟೈಮ್ ಕೀಪರು ತಾನು ಸಮಯಕ್ಕೆ ಸರಿಯಾಗಿ ಹೇಳಿದ್ದರಿಂದ ಇಬ್ಬರ ಜೀವ ಉಳಿಯಿತೆಂದು ನೆನಪಿಸಿದ. ಅವನ ಕೈಯನ್ನೂ ಕಂಡಕ್ಟರು ಕುಲುಕಿದ.

ಊಟ ಮುಗಿಸಿ ಬಂದ ಮೇಡಂ ಎರಡೂ ಟಿಕೆಟ್ಟು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತಳು.

"ಸರ್, ಹಡಗು ಇಲ್ಲಿಂದ ಹೋಗಿ ಇಲ್ಲಿಗೇ ಬರುತ್ತೆ. ಎಲ್ಲಾ ಸೇರಿ ಒಂದೇ ಟಿಕೆಟ್. ಈಗ ನಿಮ್ಮಿಬ್ರಿಗೆ ಎರಡು ರೂಮು ಆಗಿದೆ" ಎಂದಳು. ಹಡಗಿನ ಕಂಪನಿಗೆ ಫೋನು ಮಾಡಿದಳು, ಬೇಡಿಕೊಂಡಳು, ಗದರಿದಳು. ಎರಡನೇ ರೂಮು ರದ್ದಾಗುವುದಿಲ್ಲ, ಬೇಕಾದರೆ ಹೆಸರು ಬದಲಾಯಿಸಬಹುದು ಎಂದರು.

ಕಂಡಕ್ಟರನ ಮುಖ ಬಾಡಿದ್ದು ನೋಡಿ ಡ್ರೈವರು ತನ್ನ ಬೆರಳನ್ನೇ ನೋಡಿಕೊಂಡ. ಒತ್ತಿದ್ದು ತನ್ನ ಬೆರಳು ತಾನೆ. ಆ ರೂಮು ತನಗೂ ತನ್ನ ಹೆಂಡತಿಗೂ ಇರಲಿ, ಎಷ್ಟಾಯಿತೋ ತಾನೇ ಕೊಡುತ್ತೇನೆ ಎಂದುಬಿಟ್ಟ. ಕಂಡಕ್ಟರಿಗೆ ಹೋದ ಜೀವ ಬಂದಂತಾಯಿತು. ಇಂಥವರ ನಡುವೆ ಬದುಕುತ್ತಿದ್ದೇನಲ್ಲ ಎಂದು ಕಣ್ಣು ಒದ್ದೆಯಾದವು.

ಅಲ್ಲಿಗೂ ಮುಗಿಯಬಹುದಿತ್ತು. ಆದರೆ ಡ್ರೈವರು ಹಡಗು ಹತ್ತುವ ಸುದ್ದಿ ಡಿಪೋ ತಲುಪಿತು. ಟೈಮ್ ಕೀಪರು, ತಪ್ಪು ಕಂಡುಹಿಡಿದ ತನ್ನನ್ನೇ ಬಿಟ್ಟು ಹೋಗುವುದುಂಟೇ ಎಂದು ಮುನಿಸಿಕೊಂಡು ತಾನೂ ರೂಮು ಹಿಡಿದ. ಮೆಕ್ಯಾನಿಕ್ಕು, ಇಂಜಿನ್ನು ಕೆಟ್ಟರೆ ತಾನಿಲ್ಲದೆ ಏನು ಮಾಡುತ್ತೀರಿ ಎಂದು ಅಣ್ಣತಮ್ಮಂದಿರ ಸಮೇತ ಸೇರಿಕೊಂಡ. ಕ್ಯಾಂಟೀನಿನವನು ಬೇರೆಯವರು ಮಾಡಿದ ಅಡಿಗೆ ಉಂಡು ಒಂದು ಜನ್ಮವೇ ಆಯಿತು ಎಂದು ತಾನೂ ಬಂದ. ಡಿಪೋದ ಅರ್ಧ ಜನ ಟ್ರಾವೆಲ್ ಆಫೀಸಿನಲ್ಲಿ ಕಿಕ್ಕಿರಿದರು. ಕಂಡಕ್ಟರು ತನಗೆ ಅರಿವಿಲ್ಲದೆ "ಒಳಗೆ ಬನ್ನಿ, ಬಾಗಿಲು ಬಿಡಿ" ಎಂದು ಅವರನ್ನು ಸಾಲಾಗಿ ನಿಲ್ಲಿಸಿದ.

ಇಷ್ಟು ಜನರೆಂದರೆ ಇದು ಗುಂಪಿನ ಬುಕಿಂಗು ಆಯಿತು, ಎಲ್ಲರಿಗೂ ರಿಯಾಯಿತಿ ಎಂದು ಮೇಡಂ ಮುಖ ಅರಳಿಸಿ ಹೇಳಿದಳು. ಒಂದೇ ನಿಯಮ, ಗುಂಪಿಗೆ ಒಬ್ಬರು ಲೀಡರು ಬೇಕು. ಲೀಡರು ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು, ಹತ್ತುವಾಗ ಇಳಿಯುವಾಗ ಬಾಗಿಲಲ್ಲಿ ನಿಂತು ತಲೆ ಎಣಿಸಬೇಕು, ಎಲ್ಲರ ಟಿಕೆಟ್ಟು ತನ್ನ ಬಳಿ ಇಟ್ಟುಕೊಳ್ಳಬೇಕು, ಊಟಕ್ಕೆ ಕರೆದುಕೊಂಡು ಹೋಗಬೇಕು, ಯಾರೂ ದಾರಿಗೆ ಅಡ್ಡ ನಿಲ್ಲದಂತೆ ನೋಡಿಕೊಳ್ಳಬೇಕು.

ಚರ್ಚೆಯೇ ಆಗಲಿಲ್ಲ. ಎಲ್ಲರೂ ಕಂಡಕ್ಟರನ ಕಡೆ ತಿರುಗಿದರು.

ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಡ್ರೈವರು ಅವನ ಹೆಗಲ ಮೇಲೆ ಕೈ ಹಾಕಿ, "ನೀನು ರೈಟ್ ಅನ್ನದೆ ಇಷ್ಟು ವರ್ಷದಲ್ಲಿ ನಾನು ಒಂದಿನ ಬಸ್ಸು ಎತ್ತಿದೀನೇನಯ್ಯಾ? ನೀನಿಲ್ಲದೆ ನಮ್ಮನ್ನ ಯಾರು ನೋಡ್ಕೋತಾರೆ?" ಎಂದ. ಇಷ್ಟು ಪ್ರೀತಿಯಿಂದ ಹೇಳಿದರೆ ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ? ಕಿತ್ತಳೆ ಟೋಪಿ ಅವನ ತಲೆಗೆ ಬಂದು ಕೂತಿತು.

ಮನೆಗೆ ಹೋಗುವಷ್ಟರಲ್ಲಿ ಬೆಳಿಗ್ಗೆಯ ಖುಷಿಯೆಲ್ಲ ಇಳಿದುಹೋಗಿತ್ತು. ಹೆಂಡತಿ ಮೆಟ್ಟಿಲ ಮೇಲೆ ಕೂತು ಅವನ ಖಾಕಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಎಲ್ಲವನ್ನೂ ಹೇಳಿದ. ಖಾಲಿ ಸೀಟು, ಎರಡು ಕುರ್ಚಿ, ವಾಪಸ್ ಟಿಕೆಟ್ಟು, ಗುಂಪು, ಲೀಡರು.

"ನಿನ್ನ ಪಕ್ಕ ಕೂರೋಣ ಅಂತ ಹೊರಟೆ ಕಣೇ. ಅಲ್ಲೂ ಬಾಗಿಲಲ್ಲೇ ನಿಲ್ಲೋ ಹಾಗಾಯ್ತು" ಎಂದ.

ಅವಳು ದಾರ ಕಡಿದು ಸೂಜಿ ಕೆಳಗಿಟ್ಟಳು. "ನಾನು ಆವತ್ತು ಬಾಯಿಗೆ ಬಂದದ್ದು ಅಂದೆ. ಅದಕ್ಕೆ ಇಷ್ಟೆಲ್ಲಾ ಮಾಡಿದ್ರಾ?" ಎಂದು ಅವನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು. ಆಮೇಲೆ ಟೋಪಿಯನ್ನು ಅವನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿ, "ಲೀಡರು ನೀವೇ ಆಗ್ಬೇಕು ಅಂತ ಏನಾದ್ರೂ ಇದೆಯಾ? ನನ್ನ ಹೆಸರು ಹಾಕ್ಸಿ. ನೀವು ಆರಾಮಾಗಿ ಕೂತ್ಕೊಳ್ಳಿ" ಎಂದಳು.

ಕಂಡಕ್ಟರಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಇಂಥ ಹೆಂಡತಿ ಯಾರಿಗುಂಟು ಯಾರಿಗಿಲ್ಲ. ಆಫೀಸು ಮುಚ್ಚುವ ಮೊದಲು ಇಬ್ಬರೂ ಓಡಿದರು. ಡಿಪೋದವರು ಇನ್ನೂ ಅಲ್ಲೇ ಇದ್ದರು. ಮೇಡಂ ಲೀಡರಿನ ಹೆಸರು ಬದಲಾಯಿಸಿದಳು. ಹೆಂಡತಿ ಟೋಪಿ ಹಾಕಿಕೊಂಡು ಗುಂಪಿನ ಕಡೆ ತಿರುಗಿ, ಟೈಮ್ ಕೀಪರಿಗೆ ತಡವಾಗಿ ಬರಬಾರದೆಂದೂ, ಮೆಕ್ಯಾನಿಕ್ಕಿಗೆ ಗ್ರೀಸಿನ ಕೈಯಲ್ಲಿ ಹಡಗು ಹತ್ತಬಾರದೆಂದೂ ತಾಕೀತು ಮಾಡಿದಳು. ಡ್ರೈವರು ಮೊದಲ ಸಲ ಮೆಲುದನಿಯಲ್ಲಿ "ಆಯ್ತು ಅತ್ತಿಗೆ" ಎಂದ. ಗಂಡನಿಗೆ ಹೆಮ್ಮೆಯಿಂದ ಎದೆಯುಬ್ಬಿತು.

ಕತ್ತಲಾಗುವ ಹೊತ್ತಿಗೆ ಮನೆಗೆ ಮರಳಲು ಎಲ್ಲರೂ ಒಂದೇ ಬಸ್ಸು ಹತ್ತಿದರು. ಕಂಡಕ್ಟರು ಹೆಂಡತಿಯ ಬ್ಯಾಗು ಹಿಡಿದು, ಇಬ್ಬರ ಸೀಟು ಹುಡುಕಿ ಕಿಟಕಿಗೆ ಕೂತ. ಬಾಗಿಲಲ್ಲಿ ನಾಲ್ಕು ಜನ ನಿಂತರು. ಅವನು ತೊಡೆಯ ಮೇಲೆ ಎರಡೂ ಕೈ ಊರಿ, ಏಳಲಿಲ್ಲ. ಅದೇ ಒಂದು ಸಾಧನೆ.

"ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯೆ ಎಲ್ಲ ಖಾಲಿ ಇದೆ" ಎಂಬ ಧ್ವನಿ ಕೇಳಿಸಿತು. ಹೆಂಡತಿಯ ಧ್ವನಿ. ಕಿತ್ತಳೆ ಟೋಪಿ ಬಸ್ಸಿನ ಮುಂದಿನಿಂದ ಹಿಂದಕ್ಕೆ ತಲೆ ಎಣಿಸುತ್ತ ಹೋಯಿತು, ಹಿಂದಿನಿಂದ ಮುಂದಕ್ಕೆ ಬಂತು.

"ಬಾರೇ, ಕೂತ್ಕೋ" ಎಂದು ಅವನು ಕರೆದ.

"ಇರಿ, ಒಬ್ಬರು ಕಮ್ಮಿ ಬರ್ತಿದಾರೆ" ಎಂದು ಅವಳು ಮತ್ತೆ ಮೊದಲಿನಿಂದ ಎಣಿಸತೊಡಗಿದಳು. ಎಣಿಸುವವಳು ತನ್ನನ್ನು ಬಿಟ್ಟೇ ಎಣಿಸುತ್ತಿದ್ದಳು. ಅವಳ ಮುಖದಲ್ಲಿ ಇಂಥ ಕಳೆ ಅವನು ಮದುವೆಯ ದಿನವೂ ನೋಡಿರಲಿಲ್ಲ. ಒಂದು ಉಪಾಯ ಹೇಳಿಕೊಟ್ಟರೆ ಲೆಕ್ಕ ಸರಿಹೋಗುತ್ತಿತ್ತು. ಅವನು ಹೇಳಿಕೊಡಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಹತ್ತಿದ ಒಬ್ಬರು ಹತ್ತಿರ ಬಂದು "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

ಕಂಡಕ್ಟರು ಪಕ್ಕದ ಸೀಟಿನ ಮೇಲೆ ಅವಳ ಬ್ಯಾಗು ಇಟ್ಟು, ಅದರ ಮೇಲೆ ಕೈ ಇಟ್ಟ.

"ಇದ್ದಾರೆ," ಎಂದ. "ಬರ್ತಾರೆ."