ನಾಯ್ಸ್ ಗೇಟೂ ನಮ್ಮ ಅತ್ತೆಯವರೂ

ಗಂಡಸಾದವನಿಗೆ ನಲವತ್ತೈದು ದಾಟಿದ ಮೇಲೆ ಏನಾದರೊಂದು ಚಟ ಅಂಟಿಕೊಳ್ಳಲೇಬೇಕು ಎಂದು ಕಾಣುತ್ತದೆ. ನನ್ನ ಓರಗೆಯವರಲ್ಲಿ ಕೆಲವರು ಇಸ್ಪೀಟಿಗೆ ಬಿದ್ದರು, ಕೆಲವರು ಬೆಳಗಿನ ವಾಕಿಂಗಿಗೆ, ಒಬ್ಬ ಪುಣ್ಯಾತ್ಮ ಸೈಟು ವ್ಯಾಪಾರಕ್ಕೆ. ನಾನು ಎಲೆಕ್ಟ್ರಿಕ್ ಗಿಟಾರಿಗೆ ಬಿದ್ದೆ. ಬಿದ್ದದ್ದಾದರೂ ಎಂಥದಕ್ಕೆ? ಟಿಣ್ ಟಿಣ್ ಎಂದು ಹಳೇ ಹಾಡು ನುಡಿಸುವ ಸಭ್ಯರ ಗಿಟಾರಿಗಲ್ಲ. ಉದ್ದ ಕೂದಲಿನ ಹುಡುಗರು ತಲೆ ಕೊಡವುತ್ತ ಬಾರಿಸುತ್ತಾರಲ್ಲ, ಆ ಘೋರ ಸದ್ದಿಗೆ. ನನಗೆ ಕೊಡವಲು ಕೂದಲಿಲ್ಲ ಎಂಬುದು ಬೇರೆ ಮಾತು. ಮಧುಗಿರಿಯ ಪಶು ಆಸ್ಪತ್ರೆಯಲ್ಲಿ ನನ್ನ ಕೆಲಸ. ಹಗಲೆಲ್ಲ ಹಸು, ಎಮ್ಮೆ, ಕುರಿಗಳ ಅರಚಾಟ ಕೇಳಿ ಬಂದವನು ಮನೆಯಲ್ಲಾದರೂ ಸುಮ್ಮನೆ ಕೂರಬಾರದೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಮಂಗಳಾ ಕೇಳುವುದೂ ಅದನ್ನೇ. ಮೊದಲ ಸಲ ಬಾರಿಸಿದ ದಿನ ಪಕ್ಕದ ಮನೆಯ ರಂಗಪ್ಪನವರು ಕಾಂಪೌಂಡಿನ ಮೇಲಿಂದ ಇಣುಕಿ, "ಡಾಕ್ಟ್ರೇ, ಎಮ್ಮೇನ ಮನೇಗೇ ತಂದ್ಬುಟ್ರಾ? ಹೊಟ್ಟೆ ಉಬ್ಬರ ಬಂದಂಗೈತಲ್ಲ!" ಎಂದು ನಿಜವಾದ ಕಾಳಜಿಯಿಂದಲೇ ವಿಚಾರಿಸಿದರು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಆಂಪ್ ಎಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. ಅದರ ಮೇಲೆ ಗೇನ್ ಎಂಬ ಒಂದು ತಿರುಪು ಇರುತ್ತದೆ. ನನ್ನದು ಹೈ ಗೇನ್ ಆಂಪು, ಎಂದರೆ ಆ ತಿರುಪಿಗೆ ಮಿತಿಮರ್ಯಾದೆ ಇಲ್ಲ. ತಿರುಗಿಸಿದಷ್ಟೂ ಸದ್ದು ಒಡೆದು, ಗೊರಗುಟ್ಟಿ, ಒಂದು ತಂತಿ ಮುಟ್ಟಿದರೆ ಹತ್ತು ತಂತಿ ಮೊರೆದ ಹಾಗಾಗುತ್ತದೆ. ನನ್ನಂಥವರಿಗೆ ಇದರಿಂದ ಮಹೋಪಕಾರವಾಗಿದೆ. ಸಾದಾ ಸದ್ದಿನಲ್ಲಿ ತಪ್ಪು ಬೆರಳಿಟ್ಟರೆ ಕೇಳುವವರಿಗೆ ತಪ್ಪೆಂದು ಗೊತ್ತಾಗಿಬಿಡುತ್ತದೆ. ಗೇನ್ ಪೂರ್ತಿ ಏರಿಸಿದರೆ ತಪ್ಪು ಸರಿ ಎಲ್ಲ ಒಂದೇ ಗದ್ದಲದಲ್ಲಿ ಕೊಚ್ಚಿಹೋಗುತ್ತವೆ. ಕಷ್ಟ ಒಂದೇ. ನೀವು ತಂತಿ ಮುಟ್ಟದೆ ಕೂತಾಗಲೂ ಈ ಪೆಟ್ಟಿಗೆ ಸುಮ್ಮನೆ ಕೂರುವುದಿಲ್ಲ. ಗೋಡೆಯೊಳಗಿನ ವೈರು, ಫ್ಯಾನು, ಟ್ಯೂಬ್‌ಲೈಟು, ಎಲ್ಲದರ ಪಿಸುಗುಟ್ಟುವಿಕೆಯನ್ನೂ ಹಿಡಿದು ದೊಡ್ಡದು ಮಾಡಿ, ಜೊತೆಗೆ ತನ್ನದೂ ಒಂದಿಷ್ಟು ಸೇರಿಸಿ, ಗುಂಯ್ ಎಂದು ಊದುತ್ತಲೇ ಇರುತ್ತದೆ. "ಬಾರಿಸೋದಾದ್ರೆ ಯಾವಾಗ್ಲಾದ್ರೂ ನಿಲ್ಲುತ್ತೆ ಅಂತ ಆಸೆ ಇರುತ್ತೆ ಕಣ್ರೀ. ಇದು ನಿಂತ ಮೇಲೂ ನಿಲ್ಲಲ್ವಲ್ಲ!" ಎಂಬುದು ಮಂಗಳಾಳ ದೂರು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಗುಂಯ್ ಎನ್ನುವ ಕಿವಿಗೆ ದೂರುಗಳು ಅಷ್ಟಾಗಿ ತಾಕುವುದಿಲ್ಲ.

ಇಂಥ ಮನೆಗೆ ನಮ್ಮ ಅತ್ತೆಯವರು ಬಂದರು. ಅವರದು ಪಾವಗಡದಿಂದಾಚೆ, ನಾಗಲಮಡಿಕೆ ಕಡೆಯ, ಕನ್ನಡಕ್ಕೆ ತೆಲುಗು ಬೆರೆಸಿ ಆಡುವ ಗಡಿಯ ಹಳ್ಳಿ. ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆಗಳ ತುಂಬಿದ ಸಂಸಾರ. ತುಮಕೂರಿನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿ ನೇರ ನಮ್ಮಲ್ಲಿಗೇ ಕರೆತಂದೆವು. ಇನ್ನೊಂದು ಕಣ್ಣಿನ ಪೊರೆ ಇನ್ನೂ ಹಾಗೆಯೇ ಇದೆ. ಹೊಗೆ ಬೇಡ, ಧೂಳು ಬೇಡ, ಬಗ್ಗಬಾರದು, ಭಾರ ಎತ್ತಬಾರದು, ಹೊತ್ತುಹೊತ್ತಿಗೆ ಔಷಧ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಊರಿಗೆ ಹೋದರೆ ಅತ್ತೆಯವರು ಬಸ್ಸಿಳಿದವರೇ ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ನುಗ್ಗುವವರು. ಆಮೇಲೆ ತೆಗೆಸಿದ ಕಣ್ಣೂ ದೇವರಿಗೇ ಪ್ರೀತಿ. ಆದ್ದರಿಂದ ಮಂಗಳಾ ನನಗೆ ಕಟ್ಟಪ್ಪಣೆ ಮಾಡಿದಳು: "ಡಾಕ್ಟ್ರು ಇನ್ನೊಂದ್ಸಲ ನೋಡೋ ತನಕ ಅಮ್ಮ ಈ ಹೊಸಿಲು ದಾಟಬಾರದು. ದಾಟಿದ್ರೋ, ನಿಮ್ಮನ್ನ ಕೇಳ್ತೀನಿ." ಅವಳು ಕೊರಟಗೆರೆಯ ಸ್ಕೂಲಿನಲ್ಲಿ ಮೇಡಂ. ಪರೀಕ್ಷೆಯ ಕಾಲ, ರಜೆ ಸಿಗುವಂತಿರಲಿಲ್ಲ. ನನ್ನ ರಜೆ ರಾಶಿ ಬಿದ್ದಿತ್ತು. ಹೀಗೆ ಹಗಲೆಲ್ಲ ಮನೆಯಲ್ಲಿ ನಾನು, ಅತ್ತೆಯವರು ಮತ್ತು ಬೆಕ್ಕು ಉಳಿದೆವು.

ಇಲ್ಲೊಂದು ತೊಡಕಿತ್ತು. ನಮ್ಮ ಅತ್ತೆಯವರ ಕಾಲದ ಹೆಂಗಸರು ಅಳಿಯನೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಅದು ಸಿಟ್ಟಲ್ಲ, ಮರ್ಯಾದೆ. ನಮ್ಮ ಮದುವೆಯಾದಾಗಿನಿಂದ ಅವರು ನನ್ನ ಮುಖಕ್ಕೆ ಒಂದೇ ಒಂದು ಮಾತು ಆಡಿರಲಿಲ್ಲ. ನಾನು ಎದುರಿಗೇ ಕೂತಿದ್ದರೂ "ಅಳಿಯಂದ್ರು ಉಂಡ್ರಾ ಕೇಳಮ್ಮಾ" ಎಂದು ಮಗಳಿಗೆ ಹೇಳುವರು. ಮಗಳಿಲ್ಲದಿದ್ದರೆ ಬಾಗಿಲಿಗೋ ಬೆಕ್ಕಿಗೋ ಹೇಳುವರು. ಒಮ್ಮೆ ಯಾರೂ ಸಿಗದೆ, "ಅಳಿಯಂದ್ರಿಗೆ ಇನ್ನೊಂದ್ ಮುದ್ದೆ ಬೇಕಾಗಿತ್ತೇನೋ" ಎಂದು ಮೂಲೆಯಲ್ಲಿದ್ದ ಕುಂಬಳಕಾಯಿಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಸಾಲದ್ದಕ್ಕೆ, ಡಾಕ್ಟರು ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದಷ್ಟೇ ಹೇಳಿದ್ದರೂ ಅತ್ತೆಯವರು ಅದರ ಹಿಂದೆ ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡೇ ಕೂರುತ್ತಿದ್ದರು. ಕೊಯ್ದ ಕಣ್ಣಿಗೆ ಬೆಳಕು ಬಿದ್ದರೆ ಕೆಟ್ಟುಹೋಗುತ್ತದೆ ಎಂದು ಅವರೂರಿನ ಯಾರೋ ಹೇಳಿದ್ದರಂತೆ. ಮಧ್ಯಾಹ್ನದ ಔಷಧಕ್ಕೆ ನಾನು ಸೀಸೆ ಹಿಡಿದು ಬಂದು ಒಮ್ಮೆ ಕೆಮ್ಮುವುದು, ಅವರು ಕತ್ತೆತ್ತಿ ಆ ಒಂದು ಗಳಿಗೆ ಕಣ್ಣು ಬಿಡುವುದು, ನಾನು ಎರಡು ತೊಟ್ಟು ಹಾಕಿ ಹೊರಡುವುದು. ದನದ ಕಣ್ಣಿಗೆ ಔಷಧ ಬಿಟ್ಟು ಪಳಗಿದ ಕೈ ನನ್ನದು. ಬಾಯಿಗೆ ಬರುತ್ತಿದ್ದ "ಹೋ ಹೋ, ನಿಂತ್ಕೋ ತಾಯಿ" ಎಂಬುದನ್ನು ನುಂಗಿಕೊಳ್ಳುವುದೇ ದೊಡ್ಡ ಸಾಹಸವಾಗಿತ್ತು. ಆಮೇಲೆ ಅವರು ನಡುಮನೆಯ ಮಂಚದಲ್ಲಿ, ನಾನು ಹಿಂದಿನ ರೂಮಿನಲ್ಲಿ ಆಂಪಿನ ಮುಂದೆ.

ಒಂದು ಸಂಜೆ ಅತ್ತೆಯವರು ಮಗಳನ್ನು ಕೇಳಿದರು. "ಏಮ್ಮಾ ಮಂಗಳಾ, ಆ ರೂಮಲ್ಲಿ ಗುಂಯ್ ಅಂತದಲ್ಲ, ಅದೇಮಿ?" ಮಂಗಳಾ ವಿವರಿಸಿದಳು. "ದಿನಾ ಅಂತದಾ?" "ದಿನಾ ಅಂತದಮ್ಮ." "ಊಂ," ಎಂದರು ಅತ್ತೆಯವರು. ಆ ಊಂಕಾರ ನನ್ನೆದೆಗೆ ನಾಟಿತು. ಮಂಗಳಾ ನನ್ನನ್ನು ಅಡುಗೆಮನೆಗೆ ಎಳೆದೊಯ್ದು, "ಅಮ್ಮನಿಗೆ ಹಿಂಸೆ ಆಗ್ತಿದೆ. ಅಳಿಯನ ಮನೇಲಿ ಬಾಯಿ ಬಿಟ್ಟು ಹೇಳ್ತಾರಾ? ನೋಡ್ತಿರಿ, ಒಂದಿನ ಹೇಳ್ದೆ ಕೇಳ್ದೆ ಪಾವಗಡದ ಬಸ್ ಹತ್ತೇ ಹತ್ತುತಾರೆ" ಎಂದಳು. ಗಿಟಾರನ್ನು ಕೆಲವು ದಿನ ಮುಟ್ಟದೆ ಇರಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ಅದನ್ನು ಚಟ ಎಂದು ಸುಮ್ಮನೆ ಕರೆದೆನೇ?

ಸಿರಾದ ಅನ್ವರನಿಗೆ ಫೋನ್ ಮಾಡಿದೆ. ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುವ ಅವನು ನನಗೆ ಗುರು. ಅವನ ಕುರಿಗಳಿಗೆ ನಾನು ಡಾಕ್ಟರು. ಲೆಕ್ಕ ಸರಿಹೋಗಿದೆ. "ತೋಬಾ ತೋಬಾ! ಇಷ್ಟ್ ದಿನ ಗೇಟ್ ಇಲ್ದೆ ಬಾರಿಸ್ತಿದ್ರಾ ಸಾಬ್?" ಎಂದ. ನಾಯ್ಸ್ ಗೇಟ್ ಎಂದರೆ ಕಾಲ ಬಳಿ ಇಟ್ಟುಕೊಳ್ಳುವ ಪುಟ್ಟ ಕಬ್ಬಿಣದ ಡಬ್ಬಿ, ಪೆಡಲ್ಲು. "ಬಾಗಿಲು ಕಾಯೋನು ಇದ್ದಂಗೆ. ದೊಡ್ಡ ಸದ್ದು ಬಂದ್ರೆ ಸಲಾಂ ಹೊಡ್ದು ಬಾಗಿಲು ತೆಗೀತಾನೆ, ಸಣ್ಣ ಸದ್ದು ಬಂದ್ರೆ ಮುಖದ ಮೇಲೆ ಹಾಕ್ತಾನೆ. ನೀವು ಬಾರಿಸ್ವಾಗ ಗುಂಯ್ ಹೆಂಗೂ ಕೇಳ್ಸಲ್ಲ, ನಿಲ್ಲಿಸ್ದಾಗ ಅವ್ನು ಬಿಡಲ್ಲ. ಖತಂ." ಇಷ್ಟೇ ತಾನೆ ಎಂದು ಕೊಳ್ಳಲು ಹೋದರೆ, ಸಂತೆಯಲ್ಲಿ ಹೋರಿ ಆರಿಸುವುದು ಇದಕ್ಕಿಂತ ಸುಲಭ. ಒಂದೇ ತಿರುಪಿನದು, ಮೂರು ತಿರುಪಿನದು, ವೈರು ಸಿಕ್ಕಿಸಲು ಎರಡು ತೂತಿನದು, ನಾಲ್ಕು ತೂತಿನದು. ಮೊಬೈಲಿನಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಇದೇ ಶ್ರೇಷ್ಠ ಎನ್ನುತ್ತಾನೆ, ಇನ್ನೊಬ್ಬ ಗಡ್ಡದವನು ಅದನ್ನು ತಿಪ್ಪೆಗೆಸೆಯಿರಿ ಎನ್ನುತ್ತಾನೆ. ಕಡೆಗೆ ಅನ್ವರನೇ ಬಗೆಹರಿಸಿದ. ಗಿಟಾರಿನಿಂದ ಬರುವ ಗುಂಯ್‌ಗಾದರೆ ಆಂಪಿನ ಮುಂದೆ ಎರಡು ತೂತಿನದು ಸಾಕು. ಆದರೆ ಹೈ ಗೇನ್ ಆಂಪು ತನ್ನ ಹೊಟ್ಟೆಯೊಳಗೂ ಬುಸುಗುಡುತ್ತದೆ, ಅದು ಮುಂದೆ ಕೂತ ಕಾವಲುಗಾರನಿಗೆ ಸಿಗುವುದಿಲ್ಲ. "ನಾಕ್ ತೂತಿಂದು ತಗೊಳ್ಳಿ ಸಾಬ್. ಅದು ಗಿಟಾರಿನ ಹತ್ರ ಕಿವಿ ಇಡ್ತದೆ, ಆಂಪಿನ ಹೊಟ್ಟೆ ಹಿಂದೆ ಬಾಗಿಲು ಹಾಕ್ತದೆ." ನಾಲ್ಕು ತೂತಿನದನ್ನೇ ತರಿಸಿದೆ.

ಬಂದದ್ದನ್ನು ಜೋಡಿಸಿ, ದುರಾಸೆಯಿಂದ ತಿರುಪನ್ನು ಕಡೆಯವರೆಗೂ ತಿರುಗಿಸಿದೆ. ಗುಂಯ್ ಸತ್ತಿತು ನಿಜ, ಜೊತೆಗೆ ಗಿಟಾರೂ ಸತ್ತಿತು! ಆ ದರಿದ್ರ ಡಬ್ಬಿ ನಾನು ಬಾರಿಸುತ್ತಿದ್ದುದನ್ನು ಸದ್ದೆಂದೇ ಒಪ್ಪಲಿಲ್ಲ. ಸ್ವಲ್ಪ ಇಳಿಸಿದರೆ, ಎಳೆದು ಬಿಟ್ಟ ಸ್ವರದ ಬಾಲವನ್ನು ಕಚಕ್ಕನೆ ಕತ್ತರಿಸಿತು. ಮತ್ತೆ ಅನ್ವರ. "ಸೊನ್ನೇಗೆ ಇಳಿಸಿ. ತಂತೀನ ಅಂಗೈಲಿ ಒತ್ತಿ ಹಿಡೀರಿ. ಈಗ ಮೆಲ್ಲಕೆ ಏರಿಸ್ತಾ ಬನ್ನಿ, ಗುಂಯ್ ಎಲ್ಲಿ ಸಾಯ್ತದೋ ಅಲ್ಲೇ ನಿಂತ್ಬುಡಿ. ಒಂದ್ಕೂದ್ಲು ಮುಂದೆ ಹೋಗ್ಬೇಡಿ. ಆಮೇಲೆ ಬಾಗಿಲು ಹಾಕೋದು ನಿಧಾನ ಆಗೋ ಹಂಗೆ ಇನ್ನೊಂದು ತಿರುಪು ಇಡಿ, ಬಾಲ ಉಳೀತದೆ." ಹಾಗೆಯೇ ಮಾಡಿದೆ. ಆಹಾ, ಎಂಥ ಮೌನ! ಬಾರಿಸಿ ನಿಲ್ಲಿಸಿದರೆ ಗೋಡೆಯ ಹಲ್ಲಿ ಲೊಚಗುಟ್ಟಿದ್ದು, ರಂಗಪ್ಪನವರ ಮನೆಯ ಕುಕ್ಕರ್ ಕೂಗಿದ್ದು ಎಲ್ಲ ಕೇಳಿಸಿತು. ಇನ್ನು ಅತ್ತೆಯವರು ನೆಮ್ಮದಿಯಾಗಿ ಇರುತ್ತಾರೆ ಎಂದುಕೊಂಡು ಎದೆಯುಬ್ಬಿಸಿ ಓಡಾಡಿದೆ.

ಅತ್ತೆಯವರು ಊಟ ಕಡಿಮೆ ಮಾಡಿದರು. ಬೆಕ್ಕಿನ ಹತ್ತಿರ ಪಾವಗಡದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸತೊಡಗಿದರು. ಕೊಟ್ಟಿಗೆಯ ನೆನಪು ಎಂದುಕೊಂಡೆ. ಅದಾಗಿ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ, ನಾನು ಒಂದು ಸುತ್ತು ಬಾರಿಸಿ ಬೆರಳಿಗೆ ವಿರಾಮ ಕೊಟ್ಟು ರೂಮಿನಲ್ಲಿ ಪೇಪರು ಓದುತ್ತಿದ್ದಾಗ, ಹೊರಗಿನಿಂದ ರಂಗಪ್ಪನವರು ಕೂಗಿಕೊಂಡರು: "ಡಾಕ್ಟ್ರೇ! ಯಾರವ್ರೀ ಒಳಗೆ? ಓಡ್ಬನ್ನಿ!" ಓಡಿದೆ. ಅತ್ತೆಯವರು ಬಾಗಿಲಾಚೆ ಮೆಟ್ಟಿಲ ತುದಿಯಲ್ಲಿದ್ದಾರೆ. ಕಂಕುಳಲ್ಲಿ ಬಟ್ಟೆಯ ಚೀಲ, ಕನ್ನಡಕದ ಹಿಂದೆ ಕಣ್ಣು ಮುಚ್ಚಿದೆ, ಒಂದು ಕಾಲು ಗಾಳಿಯಲ್ಲಿದೆ. ಕೆಳಗೆ ಚರಂಡಿ. ರಂಗಪ್ಪನವರ ಹೆಂಡತಿ ಸಾಕಮ್ಮ ಅದೆಲ್ಲಿಂದ ಬಂದರೋ ಪುಣ್ಯಾತ್ಗಿತ್ತಿ, ರಟ್ಟೆ ಹಿಡಿದು ನಿಲ್ಲಿಸಿಕೊಂಡಿದ್ದಾರೆ. "ಅಯ್ಯಯ್ಯೋ, ಏನಿದು!" ಎಂದು ನಾನು ಚೀರಿದ್ದೇ ತಡ, ಅತ್ತೆಯವರು ಸೆರಗನ್ನು ತಲೆಗೆಳೆದುಕೊಂಡು ಸಾಕಮ್ಮನನ್ನು ಕೇಳಿದರು: "ಅಳಿಯಂದ್ರು ಮನೇಲೇ ಅವ್ರಾ?"

ಸಂಜೆ ಮಂಗಳಾ ತಾಯಿಯನ್ನು ಕೂರಿಸಿಕೊಂಡು ಬಾಯಿ ಬಿಡಿಸಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. "ಕಣ್ಣು ಬಿಡೋಂಗಿಲ್ಲ, ಅಳಿಯಂದ್ರನ್ನ ಕೂಗೋಂಗಿಲ್ಲ. ಆ ಗುಂಯ್ ಅನ್ನೋದಿತ್ತು ನೋಡು, ಅದೇ ನಂಗೆ ಧೈರ್ಯ ಕಣಮ್ಮ. ಅದು ಕೇಳ್ತಿದ್ರೆ ಮನೇಲಿ ಮನುಷ್ಯರು ಅವ್ರೆ ಅಂತ. ಈಗ ಒಂದ್ಕಿತ ದಡಬಡ ಅಂತದೆ, ಆಮೇಲೆ ಉಸಿರೇ ಇಲ್ಲ. ಮೊದ್ಲು ಕರೆಂಟು ಪೋಯಿಂದೇಮೋ ಅಂದ್ಕಂಡೆ. ಮೇಲೆ ಫ್ಯಾನ್ ಗಾಳಿ ಬತ್ತಾ ಐತೆ! ಅಂದ್ರೆ ಅಳಿಯಂದ್ರೇ ಬ್ಯಾಸರ ಆಗಿ ಎದ್ದೋಗ್ಬುಟ್ರು. ಬೀಗ ಹಾಕಿದಂಗಿರೋ ಮನೇಲಿ ಎಷ್ಟೊತ್ತಂತ ಕುಂತ್ಕಳ್ಲಿ? ನಮ್ಮೂರಲ್ಲಾದ್ರೆ ಎಮ್ಮೆ ಮೆಲುಕಾಕೋದಾದ್ರೂ ಕೇಳ್ತದೆ." ಬಾಗಿಲ ಹಿಂದೆ ನನ್ನ ಕಣ್ಣು ಒದ್ದೆಯಾಯಿತು. ಯಾವುದನ್ನು ಹಿಂಸೆ ಎಂದು ತಿಳಿದು ಊರೆಲ್ಲ ವಿಚಾರಿಸಿ ಕೊಂದೆನೋ, ಅದನ್ನು ನಂಬಿಕೊಂಡೇ ಆ ಹೆಂಗಸು ದಿನ ನೂಕುತ್ತಿದ್ದರು. ಪಿಸುಗುಟ್ಟುವ ನಮ್ಮನೆಯ ವೈರುಗಳಿಗೂ, ಹಾಳು ಟ್ಯೂಬ್‌ಲೈಟಿಗೂ, ಚರಂಡಿಯ ಬಾಯಿಂದ ಅವರನ್ನು ಉಳಿಸಿಕೊಟ್ಟ ಸಾಕಮ್ಮನಿಗೂ ಮನಸ್ಸಿನಲ್ಲೇ ಕೈಮುಗಿದೆ. ಮಂಗಳಾ ತಾಯಿಗೆ ಗೇಟಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ನಾನು ಆಗಲೇ ಅದನ್ನು ಕಿತ್ತು ಬೀರುವಿಗೆ ಹಾಕಿದೆ. ಬೆಳಿಗ್ಗೆ ಆಂಪು ಹಚ್ಚಿದಾಗ ನಡುಮನೆಯಲ್ಲಿ ಅತ್ತೆಯವರು ಬೆಕ್ಕಿಗೆ, "ಬಂತು ನೋಡು" ಎಂದರು. ಅಂದು ಮುದ್ದೆ ಒಂದೂವರೆ ಇಳಿಯಿತು. ಬಸ್ಸಿನ ಮಾತೇ ಇಲ್ಲ.

ನನಗೆ ರೆಕ್ಕೆ ಬಂತು. ನೋಡಿ, ಹೆಂಡತಿ ಕೇಳದ, ನೆರೆಯವರು ಎಮ್ಮೆ ಎಂದ ನನ್ನ ಗಿಟಾರಿಗೆ ಇಷ್ಟು ವರ್ಷದ ಮೇಲೆ ಒಬ್ಬರು ಅಭಿಮಾನಿ! ರೂಮಿನ ಬಾಗಿಲನ್ನು ಹಾರುಹೊಡೆದು, ಆಂಪನ್ನು ನಡುಮನೆಯತ್ತ ತಿರುಗಿಸಿ, ಬರುವುದು ಬರದಿರುವುದು ಎಲ್ಲವನ್ನೂ ಬಾರಿಸಿದೆ. ಋಣ ತೀರಿಸಬೇಡವೆ? ಹೀಗೆ ಕೆಲವು ದಿನ ನಡೆದ ಮೇಲೆ ಒಂದು ಮಧ್ಯಾಹ್ನ ಔಷಧ ಬಿಟ್ಟು ಹೊರಡುತ್ತಿದ್ದೆ. ಅತ್ತೆಯವರು ಗಂಟಲು ಸರಿಮಾಡಿಕೊಂಡರು. ಬೆಕ್ಕು ಅಲ್ಲಿರಲಿಲ್ಲ. "ಅಳಿಯಂದ್ರೇ," ಎಂದರು. ನಾನು ಹಿಂದಿರುಗಿ ಯಾರಿಗೆ ಎಂದು ನೋಡಿದೆ. ನನಗೇ! "ತಪ್ಪು ತಿಳ್ಕಬ್ಯಾಡಿ ನಾಯ್ನಾ. ಆ ಗುಂಯ್ ಅನ್ನೋದು ಬಲು ಚೆಂದಾಗೈತೆ, ಅದಿರ್ಲಿ. ಮಧ್ಯ ಮಧ್ಯ ದಡಬಡ ಅಂತ ಏನೋ ಬಂದು ಅದನ್ನ ಕೆಡಿಸ್ಬುಡ್ತದಲ್ಲ, ಅದನ್ನ ನಿಲ್ಸೋಕೆ ಯಾವ್ದೂ ಗೇಟು ಸಿಗಾಕಿಲ್ವಾ?"

ಇಷ್ಟು ವರ್ಷ ಆಡದೆ ಕೂಡಿಟ್ಟಿದ್ದ ಮಾತುಗಳಲ್ಲಿ ನನಗೆ ಸಂದ ಮೊದಲನೆಯದು ಅದು. ಅಂಥ ಗೇಟನ್ನು ಇನ್ನೂ ಯಾರೂ ಮಾಡಿಲ್ಲವಾದ್ದರಿಂದ ಆ ಕೆಲಸಕ್ಕೆ ನಾನೇ ನಿಂತೆ. ಗೇನ್ ಪೂರ್ತಿ ಏರಿಸಿ, ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದು ಸುಮ್ಮನೆ ಕೂರುತ್ತಿದ್ದೆ. ನಡುಮನೆಯಲ್ಲಿ ಅತ್ತೆಯವರು ಹಾಯಾಗಿ ತಲೆದೂಗುತ್ತಿದ್ದರು. ತಪಾಸಣೆಯ ದಿನ ಡಾಕ್ಟರು ಕಣ್ಣು ಚೆನ್ನಾಗಿ ಕೂಡಿದೆ ಎಂದರು, ಮಂಗಳಾ ಬಸ್ಸಿನಲ್ಲಿ ಎಲ್ಲರೆದುರೇ ನನ್ನ ಕೈ ಹಿಡಿದುಕೊಂಡಳು. ಆ ತಾಯಿಗೆ ನಾನು ಋಣಿ. ನನ್ನ ಕಛೇರಿಯನ್ನು ಎದ್ದುಹೋಗದೆ ಕೊನೆಯವರೆಗೂ ಕೇಳಿದವರು ಈ ಪ್ರಪಂಚದಲ್ಲಿ ಅವರೊಬ್ಬರೇ. ನಾನು ಬಾರಿಸುತ್ತಿರಲಿಲ್ಲ, ಅಷ್ಟೇ.