ಡಬ್ಬಿಗೆ ತಕ್ಕ ಮುಚ್ಚಳ

ಹೆಂಡತಿಯ ಎದುರು ಸವಾಲು ಹಾಕುವ ಗಂಡಸರಿಗೆ ನಾಲಿಗೆ ಕೊಡುವಾಗ ದೇವರು ಕೊಂಚ ಕೈ ಬಿಗಿಹಿಡಿಯಬೇಕಿತ್ತು. ಮಗು ಹುಟ್ಟಿದ ಮೇಲೆ ಅವತ್ತೇ ಮೊದಲ ಸಲ ಹೆಂಡತಿ ಕೆಲಸಕ್ಕೆ ಹೊರಟಿದ್ದಳು. ಶಾಲೆಗೆ ರಜೆ ಇದ್ದುದರಿಂದ, ಮಗುವನ್ನು ತಾನೇ ನೋಡಿಕೊಳ್ಳುವೆನೆಂದು ಗಂಡ, ಗಣಿತದ ಮೇಷ್ಟ್ರು, ಎದೆ ತಟ್ಟಿಕೊಂಡರು.

“ಇಡೀ ತರಗತೀನ ಹದ್ದುಬಸ್ತಿನಲ್ಲಿಡೋನು ನಾನು. ಈ ಪುಟ್ಟಿ ಒಬ್ಬಳು ಯಾವ ಲೆಕ್ಕ?”

“ಲೆಕ್ಕ ತಪ್ಪಿದ್ರೆ ನಾಳೆಯಿಂದ ನಮ್ಮಮ್ಮ ಬಂದು ಇಲ್ಲೇ ಇರ್ತಾರೆ, ನೋಡ್ಕೊಳ್ಳಿ,” ಎಂದು ಆಕೆ ಚಪ್ಪಲಿ ಮೆಟ್ಟಿದಳು.

(ಅತ್ತೆ ಒಳ್ಳೆಯವರೇ. ಅಳಿಯ ತಟ್ಟೆಯಲ್ಲಿ ಬಿಟ್ಟದ್ದನ್ನೂ ಕನ್ನಡಕ ಮರೆತದ್ದನ್ನೂ ಬಿಡದೆ ಬಂಧುಬಳಗಕ್ಕೆಲ್ಲ ಸುದ್ದಿ ಮಾಡಿ ಹಂಚುವಷ್ಟು ಒಳ್ಳೆಯವರು.)

ಮೇಷ್ಟ್ರ ಪಠ್ಯಕ್ರಮ ಸಿದ್ಧವಾಗಿತ್ತು. ಅಡುಗೆಮನೆಯ ಖಾಲಿ ಡಬ್ಬಿಗಳನ್ನೆಲ್ಲ ನಡುಮನೆಯಲ್ಲಿ ಹರಡಿ, ಮುಚ್ಚಳಗಳನ್ನು ಬೇರೆ ರಾಶಿ ಹಾಕಿದರು.

“ನೋಡು ಪುಟ್ಟಿ, ಚಮಚ ಒಳಗೆ. ಮುಚ್ಚಳ ಹಾಕು. ಟಪ್!”

ಒಂದೂವರೆ ವರ್ಷದ ಪುಟ್ಟಿ ದೊಡ್ಡ ಮುಚ್ಚಳವನ್ನು ಸಣ್ಣ ಡಬ್ಬಿಗೆ ಹಾಕಿದಳು, ಜಾರಿತು. ತಿರುಗಿಸಿ ಹಾಕಿದಳು, ಮತ್ತೆ ಜಾರಿತು. ಅಳಲಿಲ್ಲ. ತುಟಿ ಮುಂದೆ ಚಾಚಿ, ಉಸಿರು ಬಿಗಿಹಿಡಿದು ಇನ್ನೊಂದನ್ನು ಎತ್ತಿಕೊಂಡಳು. ಟಪ್! ಆ ಸದ್ದಿಗೆ ಅವಳ ಮುಖದಲ್ಲಿ ದೀಪ ಹತ್ತಿತು. ಈ ಲೋಕದಲ್ಲಿ ಒಂದಕ್ಕೊಂದು ಕೂಡಿಬರುವುದೂ ಉಂಟೆಂದು ಒಂದು ಪುಟ್ಟ ಜೀವ ಕಂಡುಕೊಳ್ಳುವುದನ್ನು ಮೇಷ್ಟ್ರು ಬಾಯಿ ತೆರೆದು ನೋಡಿದರು. ಇಷ್ಟು ಕಾಲ ಕಲಿಸಿದ್ದರೇ ಹೊರತು, ಕಲಿಯುವುದನ್ನು ಇಷ್ಟು ಹತ್ತಿರದಿಂದ ಅವರು ಕಂಡಿರಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಉದಾಹರಣೆ ಕೊಡದೆ ಪಾಠ ಮುಗಿಸಿದರೆ ಮೇಷ್ಟ್ರಿಗೆ ಉಂಡದ್ದು ಅರಗದು. ಸಂಜೆ, ಹೆಂಡತಿ ಬರುವ ಹೊತ್ತಿಗೆ, ಉಗ್ರಾಣದೊಳಗೆ ನುಗ್ಗಿ ಈರುಳ್ಳಿ ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಘೋಷಿಸಿದರು: “ಅಪ್ಪ ಒಳಗೆ!”

ಪುಟ್ಟಿ ಕ್ಷಣ ಯೋಚಿಸಿದಳು. ಬಾಗಿಲು ತಳ್ಳಿದಳು. ಚಿಲಕ ಸರಿಸಿದಳು. ಟಪ್!

(“ಮೇಲೆ ಹಾಕ್ರೀ” ಎಂದು ಹೆಂಡತಿ ಬಡಿದುಕೊಂಡರೂ, ಸ್ಟೂಲು ತರುವ ಸೋಮಾರಿತನಕ್ಕೆ ಚಿಲಕವನ್ನು ಕೆಳಗೇ ಜಡಿದವರು ಇವರೇ.)

“ತೆಗಿ ಪುಟ್ಟಿ... ಬಂಗಾರ... ನನ್ನ ತಾಯೀ...” ಪದವಿಗಳು ಏರುತ್ತ ಹೋದವು. ನೆಲಕ್ಕೆ ಕೆನ್ನೆಯೊತ್ತಿ ಬಾಗಿಲ ಕೆಳಗಿನ ಸಂದಿಯಲ್ಲಿ ನೋಡಿದರೆ, ಪುಟ್ಟ ಕೈಗಳೆರಡು ಡಬ್ಬಿಗಳ ನಡುವೆ ಬಿಡುವಿಲ್ಲದೆ ದುಡಿಯುತ್ತಿವೆ. ಟಪ್. ಟಪ್. ಒಂದೂ ತಪ್ಪಲಿಲ್ಲ. ಈರುಳ್ಳಿಗೋ ಏನೋ, ಮೇಷ್ಟ್ರ ಕಣ್ಣು ಒದ್ದೆಯಾಯಿತು.

ಮುಂಬಾಗಿಲು ತೆರೆದ ಸದ್ದು. “ಅಬ್ಬಾ! ಎಲ್ಲಾ ಎಷ್ಟು ಅಚ್ಚುಕಟ್ಟು! ಪುಟ್ಟಿ, ಅಪ್ಪ ಎಲ್ಲಿ?”

ಗೆದ್ದೆ ಎಂದುಕೊಂಡ ಮೇಷ್ಟ್ರು ಈರುಳ್ಳಿ ಬುಟ್ಟಿಯ ಹಿಂದೆ ಮುದುರಿಕೊಂಡರು. ಪುಟ್ಟಿ ಉಗ್ರಾಣದ ಬಾಗಿಲು ಬಡಿದಳು. “ಅಪ್ಪ... ಟಪ್!”

ಚಿಲಕ ಸರಿಯಿತು. ತಲೆಗೆ ಈರುಳ್ಳಿ ಸಿಪ್ಪೆ ಮೆತ್ತಿಕೊಂಡು ಕೂತಿದ್ದ ಗಂಡನನ್ನು ಹೆಂಡತಿ ಅಡಿಯಿಂದ ಮುಡಿಯವರೆಗೆ ನೋಡಿದಳು.

“ನಮ್ಮಮ್ಮ ಬರೋದು ಬೇಡ ಬಿಡ್ರಿ.”

ಮೇಷ್ಟ್ರ ಎದೆ ಉಬ್ಬಿತು.

“ನಿಮ್ಮನ್ನ ನೋಡ್ಕೊಳ್ಳೋಕೆ ಪುಟ್ಟೀನೇ ಸಾಕು.”

ಅಷ್ಟರಲ್ಲಿ ಮುಚ್ಚಳ ತೆರೆದ ಡಬ್ಬಿ ಕಂಡು ಪುಟ್ಟಿ ಹುಬ್ಬು ಗಂಟಿಕ್ಕಿದಳು. ಮೇಷ್ಟ್ರು ಏಳುವ ಮೊದಲೇ ಬಾಗಿಲು ಮುಚ್ಚಿತು. ಟಪ್!

“ಶಭಾಷ್ ಜಾಣೆ!” ಹೊರಗೆ ಚಪ್ಪಾಳೆ ಕೇಳಿಸಿತು. ಕತ್ತಲಲ್ಲಿ ಕೂತ ಮೇಷ್ಟ್ರೂ ಚಪ್ಪಾಳೆ ತಟ್ಟಿದರು.